ಅಂಬಾಸಿಡರ್ ಬಂಪರ್‌ಗೆ ಒಂದು ಪೆನ್ನು: ಮೊಲೋಟೋ ಲಿಕ್ವಿಡ್ ಕ್ರೋಮ್ ಬಳಸಿ ನೋಡಿದ್ದು

ಅಂಬಾಸಿಡರ್ ಕಾರಿನ ಅರ್ಧ ಅಂದ ಅದರ ಕ್ರೋಮ್‌ನಲ್ಲಿದೆ. ಮುಂದೆ ಹಿಂದೆ ಬಂಪರ್, ಹೆಡ್‌ಲೈಟ್ ರಿಂಗು, ಗ್ರಿಲ್, ವೀಲ್ ಕಪ್, ಬಾಗಿಲ ಹ್ಯಾಂಡಲ್, ಡಿಕ್ಕಿ ಹ್ಯಾಂಡಲ್. ಇವಿಷ್ಟು ಮಂಕಾದರೆ ಕಾರು ಸಪ್ಪೆ. ದೊಡ್ಡ ಕಾರಿಗೆ ಪ್ಲೇಟಿಂಗ್ ಮಾಡಿಸಬಹುದು. ಅಂಗೈಯಲ್ಲಿ ಹಿಡಿಯುವ ಕಾರಿಗೆ ಏನು ಮಾಡುವುದು? ಸಿಲ್ವರ್ ಪೇಂಟ್ ಹಚ್ಚಿದರೆ ಮನೆಯ ಗೇಟಿಗೆ ಹೊಡೆದ ಬಣ್ಣದ ಹಾಗೆ ಕಾಣುತ್ತದೆ. ಬೂದು ಬೂದು. ಹೊಳಪಿದೆ, ಆದರೆ ಅದು ಕ್ರೋಮ್ ಅಲ್ಲ.

ಮೊಲೋಟೋ ಲಿಕ್ವಿಡ್ ಕ್ರೋಮ್ ಅನ್ನುವ ಮಾರ್ಕರ್ ಪೆನ್ನು ಈ ತಾಪತ್ರಯವನ್ನು ಬಹಳ ಮಟ್ಟಿಗೆ ನೀಗಿಸುತ್ತದೆ. ಮೊಲೋಟೋ ಜರ್ಮನಿಯ ಬ್ರ್ಯಾಂಡು. ಗೋಡೆ ಮೇಲೆ ಗ್ರಾಫಿಟಿ ಬರೆಯುವವರಿಗೆ ಮಾರ್ಕರು, ಸ್ಪ್ರೇ ಡಬ್ಬಿ ಮಾಡಿ ಹೆಸರಾದವರು. ಅವರ ಈ ಕ್ರೋಮ್ ಪೆನ್ನನ್ನು ಮಾಡೆಲ್ ಕಾರು ಕಟ್ಟುವವರು ತಮ್ಮದೇ ಮಾಡಿಕೊಂಡಿದ್ದಾರೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಹಳೇ ಕಾಲದ ಕಾರು ಮಾಡುವವರು ಒಂದೇ ಒಂದು ದುಬಾರಿ ಸಾಮಾನು ತಗೊಳ್ಳುವುದಾದರೆ ಇದನ್ನೇ ತಗೊಳ್ಳಿ. ಆದರೆ ಇದರ ಗುಣ ಗೊತ್ತಿಲ್ಲದೆ ಹಚ್ಚಿದರೆ ದುಡ್ಡು ದಂಡ. ಆ ಗುಣ ಏನು ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದವನು. ಕಾರು ಪೇಂಟಿಂಗ್ ನನ್ನ ಕಸುಬು. ಟಿಂಕರಿಂಗ್ ಮುಗಿದ ಬಾಡಿಗೆ ಪುಟ್ಟಿ ಎಳೆದು, ವಾಟರ್ ಪೇಪರ್ ಹಾಕಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹೊಡೆದು, ಕೊನೆಗೆ ಕಾಂಪೌಂಡ್ ಹಾಕಿ ಹೊಳಪು ತರುವ ಕೆಲಸ. ಕಲಿಯುವ ಕಾಲದಲ್ಲಿ ನಮ್ಮ ಶೆಡ್ಡಿಗೆ ಬರುತ್ತಿದ್ದದ್ದು ಜಾಸ್ತಿ ಅಂಬಾಸಿಡರ್‌ಗಳೇ. ಆ ಕಾರಿನ ಮೈಯ ಒಂದೊಂದು ತಿರುವೂ ಕೈಗೆ ಗೊತ್ತು. ಹಾಗಾಗಿ ಸಣ್ಣ ಕಾರು ಕಟ್ಟುವ ಹುಚ್ಚು ಹಿಡಿದಾಗ ಮೊದಲು ಬೇಕು ಅನ್ನಿಸಿದ್ದೂ ಅದೇ.

ಜಪಾನಿನ ತಮಿಯಾ, ಅವೋಶಿಮಾ, ಹಸೆಗಾವಾ ಕಂಪನಿಗಳ ಕಿಟ್‌ಗಳು ಬಹಳ ಚೆನ್ನಾಗಿರುತ್ತವೆ. ಬಿಡಿ ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಅಂಟಿಸಿ ಪೂರ್ತಿ ಕಾರು ಕಟ್ಟಬಹುದು. ಸ್ಕೈಲೈನ್, ಮಿನಿ, ಬೀಟಲ್ ಎಲ್ಲಾ ಸಿಗುತ್ತವೆ. ಅಂಬಾಸಿಡರ್ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ನಾನು ಹಿಡಿದ ದಾರಿ ಬೇರೆ. ನಮ್ಮ ದೇಶದಲ್ಲೇ ತಯಾರಾಗುವ, ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಅಂಬಾಸಿಡರ್ ಆಟಿಕೆ ತಂದು, ಬಿಚ್ಚಿ, ಅದನ್ನೇ ಮಾಡೆಲ್ ಮಾಡುವುದು. ಮಕ್ಕಳ ಆಟಿಕೆ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಕೈ ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಆಟಿಕೆ ತಂದ ಕೂಡಲೇ ಅಳತೆ ತೆಗೆಯಬೇಕು. ನಿಜವಾದ ಅಂಬಾಸಿಡರ್ ಉದ್ದ ಸುಮಾರು 4325 ಮಿ.ಮೀ. ನನ್ನ ಆಟಿಕೆ 120 ಮಿ.ಮೀ. ಅಂದರೆ 1/36 ಅಳತೆ. ಈ ಲೆಕ್ಕ ಒಂದು ಕೈಗೆ ಬಂದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ನಿಜವಾದ ಕಾರಿನ ಅಗಲ 1662 ಮಿ.ಮೀ., ಅದು ಇಲ್ಲಿ 46 ಆಗಬೇಕು. ಆಟಿಕೆ ಸ್ವಲ್ಪ ದಪ್ಪ, ಅದನ್ನು ಬದಲಿಸಲು ಆಗುವುದಿಲ್ಲ. ಟೈರ್ ಮಾತ್ರ ಬದಲಿಸಲೇಬೇಕು. ಅಂಬಾಸಿಡರ್‌ಗೆ 5.90-15 ಟೈರು. 1/36ರಲ್ಲಿ ಅದು ಹೆಚ್ಚು ಕಡಿಮೆ 18-19 ಮಿ.ಮೀ. ಎತ್ತರ ಬರಬೇಕು. ಆಟಿಕೆಯ ಟೈರು ಇದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು, ಅಗಲವೂ ಜಾಸ್ತಿ. ಒಳಗಿನ ಸ್ಪ್ರಿಂಗ್ ಮೋಟರ್ ತೆಗೆದು, ಬೇರೊಂದು ಆಟಿಕೆಯ ಸಣ್ಣ ಚಕ್ರ ಹಾಕಿ, ಕಾರನ್ನು ಸ್ವಲ್ಪ ಕೆಳಗೆ ಕೂರಿಸಿದೆ. ಅಷ್ಟಕ್ಕೇ ಆಟಿಕೆಯ ಕಳೆ ಹೋಗಿ ಕಾರಿನ ನಿಲುವು ಬಂತು. ಒಂದು ಪೈಸೆ ಬಣ್ಣ ಖರ್ಚಾಗುವ ಮೊದಲೇ ಇಷ್ಟು ಬದಲಾವಣೆ.

ಯಾವ ಕಾಲದ ಅಂಬಾಸಿಡರ್ ಮಾಡುತ್ತೀರಿ ಅನ್ನುವುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ ಬಂದದ್ದು ಇದು. 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೂ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಹೊರ ಆಕಾರ ಒಂದೇ ಅನ್ನಿಸಿದರೂ ಮುಖ ಬದಲಾಗುತ್ತಾ ಬಂದಿದೆ. ಕೊನೆ ಕೊನೆಯ ಗ್ರ್ಯಾಂಡ್ ಅನ್ನುವ ಮಾದರಿಯಲ್ಲಿ ಬಂಪರ್ ಬಾಡಿ ಬಣ್ಣಕ್ಕೇ ಬಂದುಬಿಟ್ಟಿತು. ಅದನ್ನು ಮಾಡುವವರಿಗೆ ಈ ಪೆನ್ನಿನ ಅಗತ್ಯ ಅಷ್ಟಿಲ್ಲ. ನನಗೆ ಬೇಕಿದ್ದದ್ದು 1980ರ ದಶಕದ ಮಾರ್ಕ್ 4, ತಾಲ್ಲೂಕು ಕಚೇರಿ ಮುಂದೆ ನಿಲ್ಲುತ್ತಿದ್ದಂಥದ್ದು. ಅದರಲ್ಲಿ ಕ್ರೋಮ್‌ಗೆ ಬರವಿಲ್ಲ.

ಪೆನ್ನಿನ ವಿಷಯಕ್ಕೆ ಬರುವ ಮೊದಲು ಬಣ್ಣದ ಬಗ್ಗೆ ಒಂದಿಷ್ಟು. ಯಾಕಂದ್ರೆ ಕೆಳಗಿನ ಬಣ್ಣ ನುಣುಪಾಗಿಲ್ಲದಿದ್ದರೆ ಮೇಲಿನ ಕ್ರೋಮ್ ಬರುವುದೇ ಇಲ್ಲ.

ನಾನು ಬಳಸಿದ್ದು ತಮಿಯಾದ ಟಿಎಸ್ ಸ್ಪ್ರೇ ಡಬ್ಬಿ. 100 ಮಿ.ಲೀ. ಡಬ್ಬಿ, ಒಳಗಿರುವುದು ಲ್ಯಾಕರ್, ಅಂದರೆ ಥಿನ್ನರ್ ಆರಿ ಬೇಗ ಒಣಗುವ ಬಣ್ಣ. ಗ್ಯಾರೇಜಿನ ಗನ್ ಮತ್ತು ಕಂಪ್ರೆಸರ್ ನನ್ನ ಕೈಗೆ ಸಿಗುತ್ತದೆ, ಆದರೂ ಇಷ್ಟು ಸಣ್ಣ ಬಾಡಿಗೆ ಅದು ಆಗುವುದಿಲ್ಲ. ಕಾರಣ ಸರಳ. ನಿಜವಾದ ಕಾರಿನ ಮೇಲೆ ಫ್ಯಾಕ್ಟರಿ ಬಣ್ಣ ಎಲ್ಲ ಪದರ ಸೇರಿ 0.1 ಮಿ.ಮೀ. ಆಸುಪಾಸು ಇರುತ್ತದೆ. ಅದೇ 0.1 ಮಿ.ಮೀ. ಬಣ್ಣ 1/36 ಕಾರಿನ ಮೇಲೆ ಬಿದ್ದರೆ, ದೊಡ್ಡ ಕಾರಿಗೆ 3.6 ಮಿ.ಮೀ. ದಪ್ಪ ಬಣ್ಣ ಬಳಿದ ಲೆಕ್ಕ! ಬಾಗಿಲ ಗೆರೆ ಮುಚ್ಚಿಹೋಗುತ್ತದೆ, ಅಂಚುಗಳು ಮೊಂಡಾಗುತ್ತವೆ. ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತದೆ, ಕೈ ಮಾತ್ರ ಬೇಗ ಒಗ್ಗುವುದಿಲ್ಲ. ಒಂದೇ ಸಲ ತುಂಬಿಸಿ ಹೊಡೆಯುವ ಅಭ್ಯಾಸ ನಮಗೆ.

ಟಿಎಸ್ ಡಬ್ಬಿಯ ದೊಡ್ಡ ಗುಣ ಅಂದರೆ ಹೊಡೆದ ಬಣ್ಣ ಒಣಗುತ್ತಾ ತಾನೇ ಎಳೆದುಕೊಂಡು ತೆಳ್ಳಗೆ ಕೂರುವುದು. ಹೊಡೆದಾಗ ಸ್ವಲ್ಪ ತರಿ ತರಿ ಕಂಡರೂ ಗಾಬರಿ ಬೇಡ, ಒಣಗಿದ ಮೇಲೆ ಸರಿಹೋಗುತ್ತದೆ. ಡಬ್ಬಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹನಿ ಇನ್ನೂ ಸಣ್ಣದಾಗಿ ಬರುತ್ತದೆ. ಬಿಸಿ ನೀರು ಬೇಡವೇ ಬೇಡ. 40 ಡಿಗ್ರಿ ಮೇಲೆ ಹೋದರೆ ಡಬ್ಬಿ ಅಪಾಯ. ಸುಮಾರು ಒಂದು ಅಡಿ ದೂರ ಹಿಡಿದು, ಮೊದಲು ಮಂಜು ಬಿದ್ದಷ್ಟೇ ತೆಳುವಾಗಿ ಹೊಡೆದು, ಒಣಗಲು ಬಿಟ್ಟು, ಮತ್ತೆ ಹೊಡೆಯಬೇಕು. ಕೊನೆಯ ಪದರ ಮಾತ್ರ ಒದ್ದೆ ಒದ್ದೆ ಕಾಣುವ ಹಾಗೆ.

ಬಿಳಿಯಲ್ಲೂ ಬಿಳಿ ಇದೆ, ಅಲ್ವಾ? ಟಿಎಸ್-26 ಪ್ಯೂರ್ ವೈಟ್ ಅಂತ ಒಂದಿದೆ, ಹಾಲಿನಷ್ಟು ಬಿಳಿ. ಅಂಬಾಸಿಡರ್‌ಗೆ ಅದು ಒಪ್ಪುವುದಿಲ್ಲ. ಆ ಕಾರಿನ ಬಿಳಿಯಲ್ಲಿ ಒಂದು ಎಳೆ ಹಳದಿ ಇರುತ್ತಿತ್ತು, ವರ್ಷ ಕಳೆದಂತೆ ಇನ್ನಷ್ಟು ಕೆನೆ ಬಣ್ಣಕ್ಕೆ ತಿರುಗುತ್ತಿತ್ತು. ಟಿಎಸ್-7 ರೇಸಿಂಗ್ ವೈಟ್ ಅದಕ್ಕೆ ಹತ್ತಿರ. ಅಡಿಯ ಪದರಕ್ಕೆ ತಮಿಯಾದ್ದೇ ಫೈನ್ ಸರ್ಫೇಸ್ ಪ್ರೈಮರ್, ಬಿಳಿಯದ್ದು.

ಮಲೆನಾಡಿನ ಸೆರಗಿನಲ್ಲಿ ಇರುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಹೊಡೆಯುವ ಸಾಹಸ ಬೇಡ. ಥಿನ್ನರ್ ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬೆಳ್ಳಗೆ ಮಂಕು ಹೊಡೆಯುತ್ತದೆ. ಬಿಳಿ ಕಾರಿನಲ್ಲಿ ಬಣ್ಣದ ಮಂಕು ಕಾಣದಿರಬಹುದು, ಹೊಳಪು ಹೋದದ್ದು ಕಂಡೇ ಕಾಣುತ್ತದೆ. ಕಪ್ಪು ಬಣ್ಣದಲ್ಲಂತೂ ಹೇಳುವುದೇ ಬೇಡ. ದೊಡ್ಡ ಕಾರಿಗೆ ನಾವು ಮಳೆಗಾಲದಲ್ಲಿ ನಿಧಾನಕ್ಕೆ ಆರುವ ಥಿನ್ನರ್ ಹಾಕಿ ಸುಧಾರಿಸುತ್ತೇವೆ. ಡಬ್ಬಿಯೊಳಗೆ ಹಾಗೆ ಏನೂ ಬೆರೆಸಲು ಬರುವುದಿಲ್ಲ. ಬಿಸಿಲು ಬಂದ ದಿನ, ಬೆಳಿಗ್ಗೆ ಹತ್ತು ಗಂಟೆ ಮೇಲೆ ಹೊಡೆಯಿರಿ. ಮಳೆಗಾಲದಲ್ಲಿ ಉಜ್ಜುವ ಕೆಲಸ, ಕತ್ತರಿಸುವ ಕೆಲಸ ಇಟ್ಟುಕೊಳ್ಳಿ.

ಈಗ ಪೆನ್ನು.

ಪೆನ್ನಿನ ತುದಿ 1, 2, 4 ಮಿ.ಮೀ. ಹೀಗೆ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಒಳಗಿನ ಇಂಕು ಆಲ್ಕೋಹಾಲ್‌ನಲ್ಲಿ ಕದಡಿದ್ದು. ಚೆನ್ನಾಗಿ ಅಲ್ಲಾಡಿಸಿ, ತುದಿಯನ್ನು ಬೇರೆ ಪ್ಲಾಸ್ಟಿಕ್ ಚೂರಿನ ಮೇಲೆ ಒತ್ತಿ ಒತ್ತಿ ಬಿಟ್ಟರೆ ಇಂಕು ಇಳಿಯುತ್ತದೆ. ಕಾರಿನ ಮೇಲೆಯೇ ಒತ್ತಬೇಡಿ, ಒಮ್ಮೊಮ್ಮೆ ಬಳಕ್ಕನೆ ಸುರಿಯುತ್ತದೆ.

ಇದರ ಕ್ರೋಮ್ ಯಾಕೆ ಕ್ರೋಮ್ ಥರ ಕಾಣುತ್ತದೆ, ಸಿಲ್ವರ್ ಪೇಂಟ್ ಯಾಕೆ ಕಾಣುವುದಿಲ್ಲ? ನಿಜವಾದ ಬಂಪರ್ ಮುಂದೆ ಕೂತು ನೋಡಿ. ಅದಕ್ಕೆ ಸ್ವಂತ ಬಣ್ಣವೇ ಇಲ್ಲ. ಮೇಲರ್ಧದಲ್ಲಿ ಆಕಾಶ ಕಾಣುತ್ತದೆ, ಕೆಳಗರ್ಧದಲ್ಲಿ ರಸ್ತೆ, ನಡುವೆ ಒಂದು ಕಪ್ಪು ಗೆರೆ. ನಮ್ಮ ಕಣ್ಣಿಗೆ ಕ್ರೋಮ್ ಅಂತ ಗೊತ್ತಾಗುವುದು ಆ ಗೆರೆಯಿಂದ. ಸಿಲ್ವರ್ ಪೇಂಟಿನಲ್ಲಿ ಅಲ್ಯೂಮಿನಿಯಂ ಚೂರುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ಬೆಳಕನ್ನು ಎಲ್ಲಾ ಕಡೆ ಚೆಲ್ಲುತ್ತವೆ. ಆಕಾಶವೂ ಇಲ್ಲ, ರಸ್ತೆಯೂ ಇಲ್ಲ, ಸುಮ್ನೆ ಒಂದು ಬೂದು ಮಿಂಚು. ಈ ಪೆನ್ನಿನ ಇಂಕು ಹಸಿ ಇದ್ದಾಗ ಹರಡಿಕೊಂಡು ಮಟ್ಟಸವಾಗಿ ಕೂರುತ್ತದೆ, ಒಣಗಿದಾಗ ಕನ್ನಡಿಯ ಗುಣ ಬರುತ್ತದೆ. ನನ್ನ ಅಂಬಾಸಿಡರ್‌ನ ಮುಂದಿನ ಬಂಪರ್ ಒಣಗಿದ ಮೇಲೆ ಕಿಟಕಿ ಪಕ್ಕ ಹಿಡಿದು ನೋಡಿದೆ. ಆ ಸಣ್ಣ ಪಟ್ಟಿಯಲ್ಲಿ ಕಿಟಕಿಯ ಸರಳು ಕಂಡಿತು. ಕೆಳಗೆ ಮೇಜಿನ ಕಂದು ಬಣ್ಣ, ಮೇಲೆ ಬೆಳಕು, ನಡುವೆ ಗೆರೆ. ಅಷ್ಟು ವರ್ಷ ದೊಡ್ಡ ಬಂಪರ್ ಒರೆಸಿದ ಕೈಗೆ ಅದಕ್ಕಿಂತ ಖುಷಿ ಇನ್ನೇನು ಬೇಕು.

ಕನ್ನಡಿ ಗುಣ ಬರಬೇಕಾದರೆ ಅಡಿ ನುಣುಪಾಗಿರಲೇಬೇಕು. ಇಂಕು ತೀರಾ ತೆಳು. ಕೆಳಗೆ ಒಂದು ಗೀರಿದ್ದರೂ ಮೇಲೆ ಎದ್ದು ಕಾಣುತ್ತದೆ. ಬಂಪರ್‌ನ ಅಚ್ಚಿನ ಗೆರೆಯನ್ನು ಬ್ಲೇಡಿನಿಂದ ಕೆರೆದು, 1000, ಆಮೇಲೆ 2000 ನಂಬರಿನ ವಾಟರ್ ಪೇಪರ್ ಹಾಕಿ, ಟಿಎಸ್-14 ಕಪ್ಪು ಹೊಡೆದು ಚೆನ್ನಾಗಿ ಆರಲು ಬಿಟ್ಟೆ. ಕಪ್ಪು ಯಾಕೆ ಅಂದರೆ, ಹೊಳೆಯುವ ಕಪ್ಪಿನ ಮೇಲೆ ದೋಷ ಬೇಗ ಕಾಣುತ್ತದೆ. ಕಪ್ಪು ಕನ್ನಡಿಯಷ್ಟು ನುಣುಪಾಗಿದೆ ಅಂತ ಖಾತ್ರಿಯಾದ ಮೇಲೆಯೇ ಕ್ರೋಮ್. ಇಂಕು ಅಲ್ಲಲ್ಲಿ ತೆಳುವಾದರೂ ಕಪ್ಪು ನೆರಳಿನ ಥರ ಹೊಂದಿಕೊಳ್ಳುತ್ತದೆ, ಬಿಳಿ ಪ್ಲಾಸ್ಟಿಕ್ ಇಣುಕಿದರೆ ಎಲ್ಲಾ ಕೆಟ್ಟುಹೋಗುತ್ತದೆ.

ಬಂಪರ್ ಬೇರೆಯಾಗಿ ಬಿಚ್ಚಿಕೊಳ್ಳುವುದಾದರೆ ಬಿಚ್ಚಿಯೇ ಹಚ್ಚಿ. ಒಂದು ಕಡ್ಡಿಗೆ ಅಂಟಿಸಿಕೊಂಡು, 4 ಮಿ.ಮೀ. ತುದಿಯಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒಂದೇ ಎಳೆತ. ಹಿಂದಕ್ಕೆ ಬರಬಾರದು. ಅರ್ಧ ಒಣಗಿದ ಇಂಕಿನ ಮೇಲೆ ಮತ್ತೆ ತುದಿ ಆಡಿಸಿದರೆ ಉಜ್ಜಿದ ಗುರುತು ಬೀಳುತ್ತದೆ, ಕನ್ನಡಿ ಹೋಗಿ ಸಿಲ್ವರ್ ಆಗುತ್ತದೆ. ಬಿಟ್ಟುಹೋದ ಜಾಗ ಇದ್ದರೆ ಪೂರ್ತಿ ಒಣಗಿದ ಮೇಲೆ ನೋಡಿಕೊಳ್ಳಿ. ಮನಸ್ಸಿಗೆ ಬರಲಿಲ್ಲವೋ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿದರೆ ಬಿಟ್ಟುಕೊಳ್ಳುತ್ತದೆ. ಮೆಲ್ಲಗೆ ಒರೆಸಿದರೆ ಚೆನ್ನಾಗಿ ಆರಿದ ಲ್ಯಾಕರ್‌ಗೆ ಏನೂ ಆಗುವುದಿಲ್ಲ. ಇದು ದೊಡ್ಡ ನೆಮ್ಮದಿ.

ಹೆಡ್‌ಲೈಟ್ ರಿಂಗಿಗೆ ಪೆನ್ನಿನ ತುದಿ ಆಗುವುದಿಲ್ಲ. ಅಂಬಾಸಿಡರ್‌ನದ್ದು ಏಳು ಇಂಚಿನ ಲೈಟು. 1/36ರಲ್ಲಿ ಅದು 5 ಮಿ.ಮೀ. ಅದರ ಸುತ್ತಲಿನ ರಿಂಗು ಒಂದು ಮಿ.ಮೀ.ಗಿಂತ ಸಣ್ಣ. 1 ಮಿ.ಮೀ. ತುದಿ ಕೂಡ ಆಚೀಚೆ ತಾಗುತ್ತದೆ. ಹಾಗಾಗಿ ಹಾಲಿನ ಪಾಕೆಟಿನ ಚೂರಿನ ಮೇಲೆ ಒಂದು ಹನಿ ಇಂಕು ಇಳಿಸಿಕೊಂಡು, ಮೂರು ಸೊನ್ನೆ (000) ನಂಬರಿನ ತೀರಾ ಸಣ್ಣ ಬ್ರಶ್ಶಿನ ತುದಿಯಿಂದ ಎತ್ತಿ ಹಚ್ಚಬೇಕು. ಹನಿ ದುಂಡಗೆ ಬ್ರಶ್ಶಿನ ತುದಿಯಲ್ಲಿ ನಿಲ್ಲಬೇಕು. ರಿಂಗಿಗೆ ತಾಗಿಸಿದ ಕೂಡಲೇ ಇಂಕು ತಾನೇ ಹರಿದು ದುಂಡಗೆ ಸುತ್ತುತ್ತದೆ. ನಾವು ಎಳೆಯುವುದಲ್ಲ, ಇಂಕಿಗೆ ದಾರಿ ತೋರಿಸುವುದಷ್ಟೇ. ಬಾಗಿಲ ಹ್ಯಾಂಡಲ್‌ಗೂ ಹೀಗೆಯೇ. ಆಲ್ಕೋಹಾಲ್ ಬೇಗ ಆರುವುದರಿಂದ ಹನಿಯನ್ನು ಆಗಾಗ ಹೊಸದು ಮಾಡಿಕೊಳ್ಳಬೇಕು. ಬ್ರಶ್ಶು ಹಳೆಯದು ಬೇಡ. ಒಂದು ಕೂದಲು ಅಡ್ಡ ಎದ್ದಿದ್ದರೂ ಬಿಳಿ ಬಾಡಿ ಮೇಲೆ ಕ್ರೋಮ್ ಗೀಟು.

ಗ್ರಿಲ್‌ಗೆ ಬೇರೆ ಯುಕ್ತಿ. ಇಡೀ ಗ್ರಿಲ್‌ಗೆ ಕಪ್ಪು ಹೊಡೆದು, 2 ಮಿ.ಮೀ. ತುದಿಯನ್ನು ಅಡ್ಡಡ್ಡ ಹಿಡಿದು ಎದ್ದಿರುವ ಪಟ್ಟಿಗಳಿಗೆ ಮಾತ್ರ ಸವರಿದೆ. ಸಂದುಗಳು ಕಪ್ಪಾಗಿಯೇ ಉಳಿದವು. ಗಾಳಿ ಒಳಗೆ ಹೋಗುವ ಗ್ರಿಲ್ ಅನ್ನಿಸಿತು.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಇದರ ಮಿತಿ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗೆ ಒಣಗಿರುವುದಿಲ್ಲ. ಹಚ್ಚಿದ ಮೇಲೆ ದಿನಗಟ್ಟಲೆ ಕೈ ತಾಗಿಸಬಾರದು. ಬೆರಳಿನ ಎಣ್ಣೆ ಅಂಶಕ್ಕೇ ಹೊಳಪು ಇಳಿಯುತ್ತದೆ. ಪೂರ್ತಿ ಆರಿದ ಮೇಲೂ ಪದೇ ಪದೇ ಮುಟ್ಟಿದರೆ ಮಂಕಾಗುತ್ತಾ ಹೋಗುತ್ತದೆ. ಸರಿ, ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಹೊಡೆದು ಕಾಪಾಡೋಣ ಅಂದರೆ ಅದೂ ಆಗದು. ಕ್ಲಿಯರ್ ಬಿದ್ದರೆ ಕನ್ನಡಿ ಹೋಗಿ ಅಲ್ಯೂಮಿನಿಯಂ ಬಣ್ಣಕ್ಕೆ ಇಳಿಯುತ್ತದೆ. ಹಾಗಾಗಿ ಬಾಡಿಯ ಕ್ಲಿಯರ್, ಕಾಂಪೌಂಡ್, ಒರೆಸುವುದು ಎಲ್ಲಾ ಮುಗಿದ ಮೇಲೆ ಕಟ್ಟಕಡೆಗೆ ಹಚ್ಚುವ ವಸ್ತು ಇದು. ಮಕ್ಕಳು ಆಡುವ ಕಾರಿಗೆ ಇದು ಬೇಡ. ಗಾಜಿನ ಪೆಟ್ಟಿಗೆಯೊಳಗೆ ಇಡುವ ಕಾರಿಗೆ ಇದಕ್ಕಿಂತ ಒಳ್ಳೆಯದು ನಾನು ಬಳಸಿಲ್ಲ.

ತೇವದ ಕಾಲದಲ್ಲಿ ನಾನು ಮಾಡುವುದು ಇಷ್ಟು. ಹಚ್ಚಿದ ಭಾಗಗಳನ್ನು ಕಡ್ಡಿ ಸಮೇತ ಒಂದು ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ, ಶೂ ಪೆಟ್ಟಿಗೆಯಲ್ಲಿ ಬರುತ್ತದಲ್ಲ ಸಿಲಿಕಾ ಜೆಲ್ ಪೊಟ್ಟಣ, ಅದನ್ನು ನಾಲ್ಕಾರು ಹಾಕಿ ಮುಚ್ಚಿಡುತ್ತೇನೆ. ಧೂಳೂ ಬೀಳುವುದಿಲ್ಲ.

ಇದಕ್ಕೆ ಬದಲಿ ಏನಿದೆ? ತಮಿಯಾದ ಎಕ್ಸ್-11 ಕ್ರೋಮ್ ಸಿಲ್ವರ್ ಒಳ್ಳೆಯ ಬಣ್ಣ, ಆದರೆ ಅದು ಸಿಲ್ವರೇ. ಎಂಜಿನ್ ಭಾಗ, ಚಕ್ರದ ಒಳಭಾಗಕ್ಕೆ ಸಾಕು. ಇನ್ನೊಂದು ಅಮೆರಿಕದ ಬೇರ್ ಮೆಟಲ್ ಫಾಯಿಲ್. ಹಿಂದೆ ಅಂಟು ಇರುವ ತೀರಾ ತೆಳುವಾದ ಲೋಹದ ಹಾಳೆ. ಕಿಟಕಿ ಸುತ್ತಲಿನ ಪಟ್ಟಿ, ಬಾಗಿಲ ಕೆಳಗಿನ ಪಟ್ಟಿ, ಇಂಥ ನೇರ ಜಾಗಗಳಲ್ಲಿ ಅದು ಪೆನ್ನಿಗಿಂತ ಮೇಲು. ಹಾಳೆ ಅಂಟಿಸಿ, ಹಲ್ಲುಕಡ್ಡಿಯಿಂದ ಒತ್ತಿ ಕೂರಿಸಿ, ಹೊಸ ಬ್ಲೇಡಿನಿಂದ ಅಂಚು ಕೊಯ್ದರೆ ಗೆರೆ ಚೊಕ್ಕ. ಮುಟ್ಟಿದರೂ ಹೊಳಪು ಹೋಗುವುದಿಲ್ಲ. ಆದರೆ ಅಂಬಾಸಿಡರ್ ಬಂಪರ್ ಮೇಲೆ ಎದ್ದು ನಿಂತಿರುವ ಗಾರ್ಡ್‌ಗಳಂಥ ದುಂಡು ಜಾಗದಲ್ಲಿ ಹಾಳೆ ಸುಕ್ಕು ಬೀಳುತ್ತದೆ. ನನ್ನ ಕಾರಿನಲ್ಲಿ ಎರಡೂ ಇದೆ. ನೇರ ಇರುವ ಕಡೆ ಫಾಯಿಲ್, ದುಂಡು ಇರುವ ಕಡೆ ಪೆನ್ನು.

ಈ ಪೆನ್ನನ್ನು ಆನ್‌ಲೈನಲ್ಲಿ ತರಿಸಿಕೊಟ್ಟವಳು ಬೆಂಗಳೂರಿನಲ್ಲಿ ಓದುವ ನನ್ನ ಅಕ್ಕನ ಮಗಳು. ಬಿಲ್ ನೋಡಿ, "ಮಾವ, ಕಾರಿಗಿಂತ ಪೆನ್ನಿಗೇ ಜಾಸ್ತಿ ಕೊಟ್ರಲ್ಲ!" ಅಂದಳು. "ಬಂಪರ್ ಹೊಳೆಯದೆ ಇದ್ರೆ ಅದು ಅಂಬಾಸಿಡರ್ ಹೇಗಾಗುತ್ತೆ ಹೇಳು ಪುಟ್ಟಿ" ಅಂದೆ. ಒಂದು ಪೆನ್ನಿನಲ್ಲಿ ಸುಮಾರು ಕಾರು ಆಗುತ್ತದೆ, ಬಳಸುವುದೇ ಹನಿ ಲೆಕ್ಕದಲ್ಲಿ. ಸ್ಪ್ರೇ ಡಬ್ಬಿ ತರಿಸುವವರು ಮಾತ್ರ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ಬೆಂಕಿ ಹತ್ತುವ ಸಾಮಾನು ಆದ್ದರಿಂದ ಕೊರಿಯರ್‌ನವರು ವಿಮಾನದಲ್ಲಿ ಒಯ್ಯುವುದಿಲ್ಲ, ರಸ್ತೆ ಮೇಲೆ ಬರಬೇಕು.

ಕ್ರೋಮ್ ಜೊತೆ ಇನ್ನೊಂದು ಬಾಟಲಿಗೆ ಶಿಫಾರಸು ಮಾಡುತ್ತೇನೆ: ತಮಿಯಾ ಪ್ಯಾನಲ್ ಲೈನ್ ಅಕ್ಸೆಂಟ್ ಕಲರ್. 40 ಮಿ.ಲೀ. ಬಾಟಲಿ, ಮುಚ್ಚಳದಲ್ಲೇ ಸಣ್ಣ ಬ್ರಶ್ಶು. ಒಳಗಿರುವುದು ನೀರಿನಷ್ಟು ತೆಳುವಾದ ಎನಾಮಲ್. ಬಾಗಿಲ ಗೆರೆಗೆ ತಾಗಿಸಿದರೆ ಸರ್ರನೆ ಗೆರೆ ಉದ್ದಕ್ಕೂ ಓಡುತ್ತದೆ. ಹೊರಗೆ ಚೆಲ್ಲಿದ್ದನ್ನು ಆರಿದ ಮೇಲೆ ಎನಾಮಲ್ ಥಿನ್ನರ್ ಅದ್ದಿದ ಇಯರ್ ಬಡ್‌ನಿಂದ ಒರೆಸಬೇಕು. ಕೆಳಗಿರುವ ಲ್ಯಾಕರ್ ಈ ಥಿನ್ನರ್‌ಗೆ ಕರಗುವುದಿಲ್ಲ, ಅದಕ್ಕೆ ಧಕ್ಕೆ ಇಲ್ಲ. ಬಣ್ಣ ಇಲ್ಲದ ಬರೀ ಪ್ಲಾಸ್ಟಿಕ್ ಮೇಲೆ ಮಾತ್ರ ಇದನ್ನು ಧಾರಾಳವಾಗಿ ಸುರಿಯಬೇಡಿ. ಬಿಗಿಯಾಗಿ ಕೂರಿಸಿದ ಭಾಗಗಳು, ಅದರಲ್ಲೂ ಎಬಿಎಸ್ ಪ್ಲಾಸ್ಟಿಕ್, ಸೀಳು ಬಿಡುವುದುಂಟು.

ಬಣ್ಣದ ಆಯ್ಕೆ ಇಲ್ಲಿ ಮುಖ್ಯ. ಸುಮಾರು ಜನ ಕಪ್ಪು ತಗೊಳ್ಳುತ್ತಾರೆ. ಬಿಳಿ ಕಾರಿಗೆ ಕಪ್ಪು ಬೇಡ. ನಿಜವಾದ ಕಾರಿನ ಬಾಗಿಲ ಸಂದು 5 ಮಿ.ಮೀ. ಅಂದುಕೊಂಡರೂ 1/36ರಲ್ಲಿ ಅದು ಕೂದಲಿನಷ್ಟು ಗೆರೆ. ಆಟಿಕೆಯ ಗೆರೆ ಅರ್ಧ ಮಿ.ಮೀ. ಇರುತ್ತದೆ. ಅದಕ್ಕೆ ಕಪ್ಪು ತುಂಬಿಸಿದರೆ ದೊಡ್ಡ ಕಾರಿನ ಬಾಗಿಲಲ್ಲಿ ಹೆಬ್ಬೆರಳು ತೂರುವಷ್ಟು ಸಂದು ಇದ್ದ ಹಾಗೆ ಕಾಣುತ್ತದೆ. ಟಿಂಕರ್ ಕೆಲಸ ಕೆಟ್ಟಿದೆ ಅನ್ನುತ್ತಾರೆ ನಮ್ಮ ಶೆಡ್ಡಿನಲ್ಲಿ. ಗ್ರೇ ಬಣ್ಣದ್ದು ತಗೊಳ್ಳಿ. ಗೆರೆ ಇದೆ ಅಂತಲೂ ಗೊತ್ತಾಗುತ್ತದೆ, ಕಣ್ಣಿಗೆ ಹೊಡೆಯುವುದೂ ಇಲ್ಲ.

ಉಳಿದ ಸಣ್ಣ ಕೆಲಸಗಳಿಗೆ ದೊಡ್ಡ ಖರ್ಚಿಲ್ಲ. ಹಿಂದಿನ ಲೈಟಿಗೆ ಮೊದಲು ಇದೇ ಕ್ರೋಮ್, ಅದು ಆರಿದ ಮೇಲೆ ತಮಿಯಾ ಎಕ್ಸ್-27 ಕ್ಲಿಯರ್ ರೆಡ್ ಒಂದು ಹನಿ. ಅಡಿಯಲ್ಲಿ ಬೆಳ್ಳಿ ಬಣ್ಣ ಇರುವುದರಿಂದ ಕೆಂಪು ಒಳಗಿನಿಂದ ಬೆಳಗಿದಂತೆ ಕಾಣುತ್ತದೆ, ಇಲ್ಲಿ ಕನ್ನಡಿ ಗುಣ ಸ್ವಲ್ಪ ಕಡಿಮೆಯಾದರೂ ನಷ್ಟವಿಲ್ಲ. ಸರ್ಕಾರಿ ಕಾರು ಅಂದ ಮೇಲೆ ಹಿಂದಿನ ಸೀಟಿಗೆ ಬಿಳಿ ಟವಲ್ ಬೇಡವೇ? ಟಿಶ್ಯೂ ಪೇಪರಿನ ಒಂದೇ ಪದರ ಬಿಡಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಸೀಟಿನ ಮೇಲೆ ಹಾಸಿದರೆ ಬಟ್ಟೆಯ ಮಡಿಕೆ ಸಹಜವಾಗಿ ಬೀಳುತ್ತದೆ. ಹಿಂದಿನ ಗಾಜಿನ ಪರದೆಗೂ ಅದೇ. ನಂಬರ್ ಪ್ಲೇಟ್ ಕಂಪ್ಯೂಟರಿನಲ್ಲಿ ಮಾಡಿ ಪ್ರಿಂಟ್ ತೆಗೆಸಿದೆ, ಜಿ ಅಕ್ಷರದ ಸರ್ಕಾರಿ ನಂಬರು. 500 ಮಿ.ಮೀ. ಉದ್ದದ ಪ್ಲೇಟು ಇಲ್ಲಿ 14 ಮಿ.ಮೀ. ಕೂಡ ಇಲ್ಲ. ಕನ್ನಡ ಅಂಕಿಯಲ್ಲೇ ಹಾಕಿಸಿದೆ, ಆಗಿನ ಎಷ್ಟೋ ಸರ್ಕಾರಿ ಕಾರುಗಳಲ್ಲಿ ಹಾಗೇ ಬರೆಯುತ್ತಿದ್ದರು. ಮೇಲೆ ಕೆಂಪು ದೀಪ ಇಡುವವರು ನೆನಪಿಡಿ, 2017ರ ಮೇ 1ರಿಂದ ಅದನ್ನು ತೆಗೆಸಿದ್ದಾರೆ. ದೀಪ ಇಟ್ಟರೆ ಆ ಕಾರು ಅದಕ್ಕಿಂತ ಹಳೆಯದು ಅಂತಾಯಿತು. ತಹಸೀಲ್ದಾರರ ಕಾರಿಗೆ ಯಾವ ದೀಪ, ಸಚಿವರ ಕಾರಿಗೆ ಯಾವುದು ಅಂತ ನೋಡಿಕೊಂಡು ಇಡಿ. ನಾನು ಇಟ್ಟಿಲ್ಲ.

ಒಂದು ವಿಷಯ ಬಹಳ ಮನಸ್ಸಿಟ್ಟು ಹೇಳುತ್ತಿದ್ದೇನೆ. ಲ್ಯಾಕರ್ ಹೊಗೆ ಒಳ್ಳೆಯದಲ್ಲ. ನಮ್ಮ ಕಸುಬಿನಲ್ಲಿ ಮೂಗಿಗೆ ಬರೀ ಕರ್ಚೀಫು ಕಟ್ಟಿಕೊಂಡು ಜೀವನ ಕಳೆದವರ ಕೆಮ್ಮು ನಾನು ಕೇಳಿದ್ದೇನೆ. ಬಟ್ಟೆ ಮಾಸ್ಕು ಬಣ್ಣದ ಹನಿಯನ್ನು ಸ್ವಲ್ಪ ತಡೆಯಬಹುದು, ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ತಗೊಳ್ಳಿ. ಪೆನ್ನಿಗಿಂತ ಮೊದಲು ಅದನ್ನು ತಗೊಳ್ಳಿ. ತಾರಸಿಯಲ್ಲಿ, ತೆರೆದ ಜಾಗದಲ್ಲಿ ಹೊಡೆಯಿರಿ. ಗ್ಯಾಸ್ ಒಲೆ, ದೇವರ ದೀಪ ಹತ್ತಿರ ಇರಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬಣ್ಣ ಆರುವ ಕಾರನ್ನೂ ಅವರು ಮಲಗುವ ಕೋಣೆಯಲ್ಲಿ ಇಡಬೇಡಿ, ವಾಸನೆ ಬಹಳ ಹೊತ್ತು ಬರುತ್ತದೆ. ಕ್ರೋಮ್ ಪೆನ್ನಿನ ವಾಸನೆ ಅಷ್ಟಿಲ್ಲ, ಕಿಟಕಿ ತೆರೆದಿಟ್ಟರೆ ಸಾಕು.

ಹೊಸದಾಗಿ ಶುರು ಮಾಡುವವರಿಗೆ ಯಾವ ತುದಿ ಅಂತ ಗೊಂದಲ ಬರುತ್ತದೆ. ಒಂದೇ ತಗೊಳ್ಳುವುದಾದರೆ 2 ಮಿ.ಮೀ. ತಗೊಳ್ಳಿ. 1/24 ಕಿಟ್ ಕಟ್ಟುವವರಿಗೂ ಅದೇ ಸರಿ. ಸಣ್ಣ ಜಾಗಕ್ಕೆ ಹೇಗೂ ಬ್ರಶ್ಶು ಬೇಕೇ ಬೇಕು, ಅದಕ್ಕಾಗಿ 1 ಮಿ.ಮೀ. ಬೇರೆ ಕೊಳ್ಳುವುದು ದಂಡ. 4 ಮಿ.ಮೀ. ಇರುವುದು ಬಂಪರ್, ವೀಲ್ ಕಪ್ ಥರದ ಅಗಲ ಭಾಗಗಳಿಗೆ. ಹಳೇ ಅಮೆರಿಕನ್ ಕಾರುಗಳನ್ನು ಮಾಡುವವರಿಗೆ ಅದು ಉಪಯೋಗ. ಈ ಇಂಕು ರೀಫಿಲ್ ಬಾಟಲಿಯಲ್ಲೂ ಸಿಗುತ್ತದೆ, ಏರ್‌ಬ್ರಶ್ (ಗಾಳಿಯ ಒತ್ತಡದಲ್ಲಿ ಬಣ್ಣ ಹೊಡೆಯುವ ಪುಟ್ಟ ಗನ್) ಇರುವವರು ಅದನ್ನೇ ತಗೊಂಡು ಸ್ಪ್ರೇ ಮಾಡಬಹುದು. ನನ್ನ ಹತ್ತಿರ ಏರ್‌ಬ್ರಶ್ ಇಲ್ಲ, ಆದರೂ ಮುಂದಿನ ಸಲ ಬಾಟಲಿಯೇ ತರಿಸುತ್ತೇನೆ. ಬ್ರಶ್ಶಿನಲ್ಲಿ ಹಚ್ಚುವವನಿಗೆ ಪೆನ್ನಿನ ತುದಿ ಒತ್ತಿ ಹನಿ ಇಳಿಸುವ ಕೆಲಸ ತಪ್ಪುತ್ತದೆ, ಮತ್ತು ಮುಂದಿನ ಕಾರು ಪ್ರೀಮಿಯರ್ ಪದ್ಮಿನಿ. ಅದರಲ್ಲೂ ಕ್ರೋಮ್ ಕಡಿಮೆ ಇಲ್ಲ.